ನಾವು ಕ್ಷಮಿಸಿದ್ದೇವೆ

"ನಿವೇದಿತಾ ಅವತ್ತು ಹಳದಿ ಸ್ವೆಟರ್ ಹಾಕ್ಕೊಂಡಿದ್ದಿಲ್ಲ," ಎಂದಳು ದೇವಮಿತ್ರನ ಹೆಂಡತಿ ಇಂದು.

ಬರ್ಕ್ಲಿಯ ಚರ್ಚಿನಲ್ಲಿ ಅವನ ಮಾತು ಮುಗಿಸಿಕೊಂಡು ಅರ್ಧ ದಾರಿ ಬಂದಿದ್ದರು. ಫ್ರೀವೇಯಲ್ಲಿ ಕಾರುಗಳು ಒಂದಕ್ಕೊಂದು ಅಂಟಿಕೊಂಡಂತೆ ತೆವಳುತ್ತಿದ್ದವು.

"ಏನಂದಿ?" ಎಂದ ದೇವಮಿತ್ರ.

"ನೀಲಿ ಜಾಕೆಟ್ ಇತ್ತು ಆಕಿ ಮೈಮ್ಯಾಲೆ. ಜಿಪ್ ಕೆಟ್ಟಿತ್ತು. ನಾನೇ ಪಿನ್ನು ಚುಚ್ಚಿ ಕಳಿಸಿದ್ದೆ. ನೀವು ಹಳದಿ ಸ್ವೆಟರ್ ಅಂದ್ರಿ, ಅಲ್ಲಿ ಕುಂತವರೆಲ್ಲಾ ಕಣ್ಣು ಒರಸ್ಕೊಂಡ್ರು."

ಅವನು ಮುಂದಿನ ಕಾರಿನ ಕೆಂಪು ದೀಪಗಳನ್ನೇ ನೋಡಿದ. ಹಳದಿ ಸ್ವೆಟರು ಯಾವಾಗ ಬಂದು ಸೇರಿಕೊಂಡಿತು? ಮಗಳ ಅಂತ್ಯಕ್ರಿಯೆಯಲ್ಲಿ ಹಂಚಿದ ಹಾಳೆಯ ಮೇಲೆ ಅಚ್ಚಾಗಿದ್ದ ಫೋಟೋದಲ್ಲಿ ಅವಳು ಅದನ್ನು ತೊಟ್ಟಿದ್ದಳು. ಅಲ್ಲಿಂದ ಅದು ಅವನ ಮಾತಿನೊಳಗೆ ಇಳಿದಿರಬೇಕು. ಹೇಳಿ ಹೇಳಿ, ಈಗ ಕಣ್ಣು ಮುಚ್ಚಿದರೂ ಅವಳು ಹಳದಿಯಲ್ಲೇ ಸೈಕಲ್ ಏರಿ ಹೋಗುತ್ತಿದ್ದಳು.

ದೇವಮಿತ್ರ ಕ್ಯಾಂಪ್‌ಬೆಲ್‌ನ ಒಂದು ಸಣ್ಣ ಮೆನೊನೈಟ್ ಸಭೆಯ ಪಾಸ್ಟರ್. ರಾಯಚೂರು ಸೀಮೆಯಲ್ಲಿ ಅವನ ಅಜ್ಜ ಈ ಕ್ರೈಸ್ತ ಪಂಥಕ್ಕೆ ಸೇರಿದ್ದ. ಕೈಯಲ್ಲಿ ಆಯುಧ ಹಿಡಿಯಕೂಡದು, ಆಣೆ ಇಡಕೂಡದು, ಕೇಡು ಮಾಡಿದವನಿಗೆ ಕೇಡು ಬಗೆಯಕೂಡದು ಎಂದು ಅಜ್ಜ ಕಲಿತದ್ದನ್ನೇ ಮೊಮ್ಮಗ ಇಲ್ಲಿ ಇಂಗ್ಲಿಷಿನಲ್ಲಿ ಕಲಿಸುತ್ತ ಬಂದಿದ್ದ. ಮೂರು ವರ್ಷದ ಹಿಂದೆ, ಮೌಂಟನ್ ವ್ಯೂ ರೈಲು ಸ್ಟೇಷನ್ನಿಗೆ ಸೈಕಲ್ಲಿನಲ್ಲಿ ಹೊರಟಿದ್ದ ಮಗಳಿಗೆ, ಫೋನು ನೋಡಿಕೊಂಡು ಪಿಕಪ್ ಓಡಿಸುತ್ತಿದ್ದ ಡ್ಯಾನಿ ಎಂಬ ಹುಡುಗ ಗುದ್ದಿದ. ಅವಳು ಆಸ್ಪತ್ರೆ ಮುಟ್ಟಲಿಲ್ಲ. ಡ್ಯಾನಿಗೆ ಶಿಕ್ಷೆ ಹೇಳುವ ದಿನ ದೇವಮಿತ್ರ ಕೋರ್ಟಿನಲ್ಲಿ ಎದ್ದು ನಿಂತು, "ನಾವು ಇವನನ್ನು ಕ್ಷಮಿಸಿದ್ದೇವೆ. ನಮ್ಮ ಬಾಗಿಲು ಇವನಿಗೆ ತೆರೆದಿದೆ," ಎಂದ. ನ್ಯಾಯಾಧೀಶರು ಶಿಕ್ಷೆ ಇಳಿಸಿದರು. ಡ್ಯಾನಿಯ ತಾಯಿ ದೇವಮಿತ್ರನ ಕೈ ಹಿಡಿದು ಬಿಕ್ಕಿದಳು. ಪೇಪರಿನಲ್ಲಿ ಬಂತು. ಆಮೇಲೆ ಊರೂರಿನ ಚರ್ಚುಗಳು ಅವನನ್ನು ಮಾತಿಗೆ ಕರೆದವು. ಇವತ್ತು, ತಾಯಿಯೂ ಬರಲಿ ಎಂದು ಬರ್ಕ್ಲಿಯವರು ಒತ್ತಾಯ ಮಾಡಿದ್ದಕ್ಕೆ, ಮೊದಲ ಸಲ ಇಂದು ಜೊತೆಗೆ ಬಂದಿದ್ದಳು.

"ಇನ್ನೊಂದು ಕೇಳ್ತೀನಿ," ಎಂದಳು ಅವಳು. "ಕೋರ್ಟಿನ್ಯಾಗ 'ನಾವು' ಅಂದ್ರಲ್ಲ, 'ನಾವು' ಅಂದ್ರ ಯಾರ್ರಿ?"

"ಯಾರಂದ್ರ? ನಾವೇ. ನಮ್ಮ ಮನಿಯವರು."

"ನನ್ನ ಕೇಳಿದ್ರೇನು?"

"ಇಂದು, ನೀನೂ ಇದೇ ಸಭಾದಾಗ ಬೆಳದಾಕಿ. ನಮ್ಮ ನಂಬಿಕಿ ಏನಂತ ನಿನಗ ಗೊತ್ತಿಲ್ಲೇನು?"

"ಗೊತ್ತದ. ಕೇಳಿದ್ರೇನು ಅಂತ ಕೇಳ್ದೆ."

ಮುಂದಿನ ಕಾರು ಕದಲಿತು, ಅವನೂ ಗಾಡಿ ಮುಂದಕ್ಕೆ ಬಿಟ್ಟ.

ಆ ವಾರದಲ್ಲೇ ಡ್ಯಾನಿಯ ತಾಯಿ ಫೋನು ಮಾಡಿದಳು. ಮಗ ಬಿಡುಗಡೆಯಾಗಿ ಮನೆಗೆ ಬಂದಿದ್ದಾನೆ, ಭಾನುವಾರ ನಿಮ್ಮ ಚರ್ಚಿಗೆ ಬರಬೇಕೆನ್ನುತ್ತಾನೆ, ಬರಬಹುದೇ ಎಂದು ಕೇಳಿದಳು. ಬನ್ನಿ ಎಂದ ದೇವಮಿತ್ರ. ಬೇರೆ ಏನನ್ನಲೂ ಅವನಿಗೆ ತೋಚಲಿಲ್ಲ.

ಊಟಕ್ಕೆ ಕೂತಾಗ ವಿಷಯ ತೆಗೆದ. ಮಗ ಆಕಾಶ ಕಾಲೇಜು ಸೇರಿದ್ದವನು, ರಜೆಗೆಂದು ಬಂದಿದ್ದ. "ಸೀರಿಯಸ್ಲಿ, ಡ್ಯಾಡ್?" ಎಂದಷ್ಟೇ ಹೇಳಿ ತಟ್ಟೆ ಎತ್ತಿಕೊಂಡು ಎದ್ದುಹೋದ.

ಇಂದು ರೊಟ್ಟಿ ಮುರಿಯುತ್ತ, "ಬರಲಿ ಬಿಡ್ರಿ. ಚರ್ಚು ನಿಮ್ಮದಲ್ಲ, ನನ್ನದೂ ಅಲ್ಲ. ನಾ ಮಾತ್ರ ಬರೂದಿಲ್ಲ," ಎಂದಳು. ಸಿಟ್ಟಿನಿಂದ ಹೇಳಿದ್ದರೆ ಅವನು ಸಮಾಧಾನ ಮಾಡುತ್ತಿದ್ದ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಭಾನುವಾರದ ಹೊತ್ತಿಗೆ ಉತ್ತರದ ಬೆಟ್ಟಗಳಿಗೆ ಬೆಂಕಿ ಬಿದ್ದು, ಹೊಗೆ ಕೊಲ್ಲಿಯ ಮೇಲೆಲ್ಲ ಕವಿದಿತ್ತು. ಚರ್ಚಿನ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಡ್ಯಾನಿ ತಾಯಿಯ ಪಕ್ಕದಲ್ಲಿ, ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿದ್ದ. ಬಿಳಿ ಅಂಗಿಯ ಕಾಲರು ಕತ್ತಿಗೆ ಸಡಿಲವಾಗಿತ್ತು. ಕೋರ್ಟಿನಲ್ಲಿದ್ದ ಹುಡುಗ ಇವನೇ ಎಂದು ಯಾರಾದರೂ ಹೇಳಬೇಕು, ಅಷ್ಟು ಇಳಿದಿದ್ದ. ಜನ ತಿರುತಿರುಗಿ ನೋಡುತ್ತಿದ್ದರು. ಎಲ್ಲರ ಮುಖದಲ್ಲೂ ಒಂದು ಒಳ್ಳೆಯ ಸಂಗತಿ ನಡೆಯಲಿದೆ ಎಂಬ ನಿರೀಕ್ಷೆ ಇತ್ತು. ಮುಂದಿನ ಸಾಲಿನಲ್ಲಿ ಇಂದುವಿನ ಜಾಗ ಖಾಲಿ.

ದೇವಮಿತ್ರ ಎದ್ದು ಪ್ರಸಂಗಪೀಠ ಹತ್ತಿ ನಿಂತ. ಬೆಳಗ್ಗೆ ತಯಾರು ಮಾಡಿಕೊಂಡ ಮಾತುಗಳು ನಾಲಿಗೆಯ ಮೇಲೇ ಇದ್ದವು. ಅವನ್ನು ಬಿಟ್ಟು ಹೇಳಿದ: "ಕೋರ್ಟಿನಲ್ಲಿ ನಾನು 'ನಾವು' ಎಂದೆ. ನನ್ನ ಹೆಂಡತಿಯನ್ನು ಕೇಳಿರಲಿಲ್ಲ. ಮಗನನ್ನೂ ಕೇಳಿರಲಿಲ್ಲ. ಅವರ ಪರವಾಗಿ ಆ ಮಾತಾಡಲು ನನಗೆ ಹಕ್ಕಿರಲಿಲ್ಲ. ಆದ್ದರಿಂದ ಇವತ್ತು ನನ್ನೊಬ್ಬನ ಪರವಾಗಿ ಹೇಳುತ್ತೇನೆ. ನಾನು..."

ಮಾತು ಅಲ್ಲಿಗೆ ನಿಂತಿತು. ಊರೂರಿನಲ್ಲಿ ಸಲೀಸಾಗಿ ಆಡಿದ್ದ ಮಾತು, ಒಬ್ಬನೇ ಆಡಹೋದರೆ ಬಾಯಿಗೆ ಬರಲೊಲ್ಲದು. ಜಿಪ್ ಕೆಟ್ಟ ಜಾಕೆಟ್ಟು ಕಣ್ಣ ಮುಂದೆ ಬಂತು, ಅದಕ್ಕೆ ಚುಚ್ಚಿದ ಪಿನ್ನು ಬಂತು. ಮೊದಲ ಸಲ ಅವನಿಗೆ ಡ್ಯಾನಿಯ ಕೈಗಳನ್ನು ನೋಡಲಾಗಲಿಲ್ಲ. ಅವು ಸ್ಟಿಯರಿಂಗು ಹಿಡಿದಿದ್ದ ಕೈಗಳು.

"ನಾನು..." ಎಂದ ಮತ್ತೊಮ್ಮೆ. ಯಾರೋ ಕೆಮ್ಮಿದರು. ಅವನು ಪೀಠದ ಅಂಚನ್ನು ಬಿಟ್ಟು ಮೆಟ್ಟಿಲಿಳಿದು, ಖಾಲಿ ಜಾಗದ ಪಕ್ಕದಲ್ಲಿ ಕೂತುಬಿಟ್ಟ.

ಕೊನೆಗೆ ಸಭೆಯ ಹಿರಿಯಳು, ಮುದುಕಿ ರೂತ್ ಫ್ರೀಸನ್, ಕೂತಲ್ಲಿಂದಲೇ ಒಂದು ಕೀರ್ತನೆ ಎತ್ತಿಕೊಂಡಳು. ಇವರಲ್ಲಿ ಹಾಡಿಗೆ ವಾದ್ಯವಿಲ್ಲ. ದನಿಗಳು ಒಂದೊಂದಾಗಿ ಬಂದು ಕೂಡಿಕೊಂಡವು. ದೇವಮಿತ್ರ ಹಾಡಲಿಲ್ಲ.

ಜನ ಚದುರಿದ ಮೇಲೆ ಡ್ಯಾನಿ ಬಾಗಿಲಲ್ಲಿ ಕಾದು ನಿಂತಿದ್ದ. "ನಾನು ಇನ್ನು ಬರಬಾರದೇ, ಪಾಸ್ಟರ್?" ಎಂದು ಕೇಳಿದ.

"ನನಗೆ ಗೊತ್ತಿಲ್ಲ."

ಹುಡುಗ ತಲೆಯಾಡಿಸಿದ. ತಾಯಿಯ ತೋಳು ಹಿಡಿದು ನಿಧಾನಕ್ಕೆ ಮೆಟ್ಟಿಲು ಇಳಿಸಿಕೊಂಡು ಹೋದ. ಹೊಗೆಯಲ್ಲಿ ಅವರ ಕಾರು ತಿರುವು ದಾಟುವ ಮೊದಲೇ ಮರೆಯಾಯಿತು.

ದೇವಮಿತ್ರ ಮನೆಗೆ ಬಂದಾಗ ಒಳಗೆ ಯಾರೂ ಇರಲಿಲ್ಲ. ಆಕಾಶ ಹೊರಗೆ ಹೋಗಿದ್ದ. ಇಂದು ಹಿತ್ತಲಲ್ಲಿ, ಮೂಗಿಗೆ ಮಾಸ್ಕು ಕಟ್ಟಿಕೊಂಡು, ಊಟದ ಕೋಣೆಯ ದೊಡ್ಡ ಕಿಟಕಿಗೆ ಕೂತ ಬೂದಿಯನ್ನು ಒರೆಸುತ್ತಿದ್ದಳು. ಗಾಜಿನಾಚೆ ಗಂಡನನ್ನು ಕಂಡರೂ ಅವಳ ಕೈ ನಿಲ್ಲಲಿಲ್ಲ.

"ಹೇಳಾಕ ಆಗಲಿಲ್ಲ," ಎಂದ ಅವನು ಒಳಗಿನಿಂದ. ಅವಳಿಗೆ ಕೇಳಿಸಿತೋ ಇಲ್ಲವೋ. ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಅಡುಗೆಮನೆಯಿಂದ ಒಂದು ಬಟ್ಟೆ ಒದ್ದೆ ಮಾಡಿ ತಂದು, ಅವನೂ ಒಳಗಡೆಯಿಂದ ಒರೆಸತೊಡಗಿದ. ಆಚೆ ಅವಳ ಕೈ, ಈಚೆ ಅವನ ಕೈ. ಎಷ್ಟು ಉಜ್ಜಿದರೂ ನಡುವೆ ಒಂದು ಕಲೆ ಹಾಗೇ ಉಳಿಯಿತು. ಇಂದು ಬಾಗಿ ಅದನ್ನು ನೋಡಿದಳು. ಮಾಸ್ಕು ಕೆಳಗೆ ಸರಿಸಿ, ಗಾಜಿನ ಮೇಲೆ ಬೆರಳಿಟ್ಟು ತೋರಿಸಿದಳು.

"ಅದು ನಿಮ್ಮ ಕಡೀಗೆ ಅದ."