ಮೂರನೇ ಸಾಲಿನ ಮರಳು ಚೀಲ

ನನ್ನ ಅಳಿಯನಿಗೆ ಏನನ್ನು ಕಂಡರೂ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡೋ ಚಾಳಿ. ಟೀ ಕೊಟ್ಟರೆ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, "ಏಳೂವರೆ ಅತ್ತೆ. ಬಣ್ಣ ಚೆನ್ನಾಗಿದೆ, ಕೊನೇಲಿ ಸ್ವಲ್ಪ ಒಗರು" ಅಂತಾನೆ. ಕುಡಿಯೋದಾದರೆ ಕುಡಿ, ಇಲ್ಲಾ ಲೋಟ ಅಲ್ಲಿಡು ಅಂತ ನಾಲಿಗೆ ತುದಿಗೆ ಬಂದರೂ ನುಂಗಿಕೊಳ್ತೀನಿ. ಏನು ಮಾಡೋದು, ಅವನ ಹೊಟ್ಟೆಪಾಡೇ ಅದು. ಕಾರುಗಳ ಬಗ್ಗೆ ಬರೆಯೋ ಮಾಸಪತ್ರಿಕೆಯಲ್ಲಿ ಹದಿನಾರು ವರ್ಷದಿಂದ ಪರೀಕ್ಷಕ. ಮನೆಮಂದಿಯೆಲ್ಲ ಕೂರೋ ದೊಡ್ಡ ಗಾಡಿಗಳೆಲ್ಲ ಇವನ ಪಾಲಿಗೆ. ಬಾಗಿಲು ಹಾಕಿ ಕಿವಿಗೊಟ್ಟು ಕೇಳ್ತಾನೆ. "ಧಪ್" ಅಂದರೆ ಎಂಟು, "ಟಣ್" ಅಂದರೆ ಐದು. ಡ್ಯಾಶ್‌ಬೋರ್ಡನ್ನ ಡಾಕ್ಟರು ಹೊಟ್ಟೆ ಅಮುಕಿದ ಹಾಗೆ ಹೆಬ್ಬೆರಳಲ್ಲಿ ಅಮುಕಿ "ಹೂಂ" ಅಂತಾನೆ. ಕೈಯಲ್ಲಿ ಯಾವಾಗಲೂ ನಲವತ್ತು ಪ್ರಶ್ನೆಗಳ ಒಂದು ಫಾರಂ. ಮನೇಲಿ ನಾವು ಅವನಿಗಿಟ್ಟ ಹೆಸರು ಮಾರ್ಕ್ಸ್ ಮಾಸ್ತರು.

ನಾನೇನೂ ಕಡಿಮೆಯವಳಲ್ಲ. ಮೂವತ್ತೊಂದು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು. ಆಗ ಊದ್ತಿದ್ದ ಸೀಟಿ ಈಗಲೂ ನನ್ನ ಕೈಚೀಲದಲ್ಲಿದೆ. ನಿಂತಲ್ಲೇ ನಿಂತು, ಬ್ರೇಕ್ ಹಾಕಿದ ರೀತಿಯಲ್ಲೇ ಡ್ರೈವರು ಮನೇಲಿ ಜಗಳ ಮಾಡಿಕೊಂಡು ಬಂದಿದ್ದಾನೋ ಇಲ್ಲವೋ ಹೇಳ್ತಿದ್ದೆ. ನನಗೆ ಗಾಡಿ ಗೊತ್ತಿಲ್ಲ ಅಂತ ಯಾರಾದರೂ ಅಂದರೆ ಮೈಯೆಲ್ಲ ಉರಿಯುತ್ತೆ. ಆದರೆ ಆ ಮೂವತ್ತೊಂದು ವರ್ಷ ಹತ್ತಿ ಇಳಿದು, ಹತ್ತಿ ಇಳಿದು, ನನ್ನ ಬಲ ಮಂಡಿ ಕೈಕೊಟ್ಟಿದೆ. ಇದು ನನಗೂ ನನ್ನ ಮುಲಾಮಿಗೂ ಮಾತ್ರ ಗೊತ್ತಿದ್ದ ಗುಟ್ಟು.

ಗುಟ್ಟು ಯಾಕೆ ಅಂತೀರಾ? ಹೇಳ್ತೀನಿ ಕೇಳಿ.

ಇಷ್ಟು ವರ್ಷ ನಮ್ಮ ಮನೇಲಿ ಸ್ವಂತ ಕಾರೇ ಇರಲಿಲ್ಲ. ಪರೀಕ್ಷೆಗೆ ಬಂದ ಗಾಡಿಗಳನ್ನೇ ಅಳಿಯ ಮನೆಗೆ ತರ್ತಿದ್ದ, ವಾರಕ್ಕೊಂದು. ಹೊಸ ಸಂಪಾದಕರು ಬಂದವರೇ ಅದಕ್ಕೆ ಕಲ್ಲು ಹಾಕಿದರು. ಮುಂದಿನ ತಿಂಗಳು ಎಲ್ಲರೂ ಸೇರಿ ಸಮುದ್ರ ನೋಡೋಕೆ ಹೋಗೋದು ಅಂತ ಆಗಿತ್ತು. ಅಳಿಯ, ಮಗಳು, ಮೊಮ್ಮಗಳು ಪುಟ್ಟಿ, ಬೀಗರಿಬ್ಬರು, ನಾನು. ಇನ್ನು ಸ್ವಂತದ್ದೇ ಕೊಳ್ಳಬೇಕು, ಅದೂ ಮೂರು ಸಾಲಿನ ಗಾಡಿಯೇ ಬೇಕು. ಬೀಗರಿಗೆ ನಡುಸಾಲು, ಅದು ಮರ್ಯಾದೆ. ನನಗೆ ಮೂರನೇ ಸಾಲು. ಮಂಗಳವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಮಗಳು ಗಂಡನಿಗೆ ಹೇಳ್ತಿದ್ದಳು: "ಅಮ್ಮನಿಗೆ ಹಿಂದೆ ಹತ್ತೋಕೆ ಕಷ್ಟ ಆದರೆ ಬಿಡಿ, ಮನೇಲಿದ್ದು ಆರಾಮಾಗಿ ರೆಸ್ಟ್ ತಗೊಳ್ಳಲಿ."

ಬಾಗಿಲ ಹಿಂದೆ ಪಾತ್ರೆ ಹಿಡಿದು ನಿಂತಿದ್ದ ನನ್ನ ಕಿವಿಗೆ ಅದು ಬಿತ್ತು. ರೆಸ್ಟಂತೆ! ಊರಿನವರನ್ನೆಲ್ಲ ಅವರವರ ಜಾಗಕ್ಕೆ ಮುಟ್ಟಿಸಿದ ನಾನು, ನಮ್ಮನೆ ಗಾಡಿ ಹೊರಡೋವಾಗ ಗೇಟಲ್ಲಿ ನಿಂತು ಕೈಬೀಸಬೇಕಂತೆ. ಆವತ್ತಿಂದ ನಾನು ಮನೆಯಲ್ಲಿ ಕುಣಿದುಕೊಂಡೇ ಓಡಾಡಿದೆ. ಮೆಟ್ಟಿಲು ಎರಡೆರಡು ಹತ್ತಿದೆ. ಆಮೇಲೆ ರೂಮಿನ ಬಾಗಿಲು ಹಾಕಿಕೊಂಡು ನೋವಿಗೆ ಅಳ್ತಿದ್ದೆ.

ಶನಿವಾರ ಬೆಳಿಗ್ಗೆ ಬೀಗರನ್ನ ಬಿಟ್ಟು ನಾವು ನಾಲ್ವರೂ ಶೋರೂಮಿಗೆ ಹೋದೆವು. ಗಾಜಿನ ಗೋಡೆ, ಕನ್ನಡಿ ಹಾಗೆ ಹೊಳೆಯೋ ನೆಲ, ಚಳಿ ಹುಟ್ಟಿಸೋ ಏಸಿ. ನಾನು ಶಾಲು ಹೊದ್ದುಕೊಂಡೆ. ಅಳಿಯನ ಹಿಂದೆ ಇಬ್ಬರು ಕೆಲಸಗಾರರು ಏನೋ ಹೊತ್ತು ತರ್ತಿದ್ದರು. ನೋಡ್ತೀನಿ, ಕೂತ ಮನುಷ್ಯನ ಅಳತೆಗೆ ಹೊಲಿಸಿದ ಕ್ಯಾನ್ವಾಸ್ ಚೀಲ. ಒಳಗೆ ಐವತ್ತೈದು ಕಿಲೋ ಮರಳು. ಮೇಲೆ ತಲೆಯಷ್ಟು ಗಾತ್ರದ ಒಂದು ಗಂಟು.

"ಇದ್ಯಾರಯ್ಯಾ?" ಅಂದೆ.

"ನಮ್ಮ ಪತ್ರಿಕೆಯ ಪ್ರಮಾಣಿತ ಪ್ರಯಾಣಿಕ, ಅತ್ತೆ. ಮೂರನೇ ಸಾಲಿನ ಪರೀಕ್ಷೆಗೆ ಇದನ್ನೇ ಕೂರಿಸೋದು."

"ನಾನು ಸತ್ತುಹೋದೆನಾ? ನನ್ನನ್ನೇ ಕೂರಿಸಬಾರದಾ?"

"ಮನುಷ್ಯರು ಪಕ್ಷಪಾತಿಗಳು ಅತ್ತೆ. ಒಂದು ದಿನ ಒಂದು ಹೇಳ್ತಾರೆ, ಇನ್ನೊಂದು ದಿನ ಇನ್ನೊಂದು. ಚೀಲ ಯಾವತ್ತೂ ಒಂದೇ ಥರ ಇರುತ್ತೆ."

ಹದಿನಾರು ವರ್ಷದಿಂದ ಈ ಮಹಾನುಭಾವ ಲೋಕಕ್ಕೆಲ್ಲ ಮೂರನೇ ಸಾಲಿನ ಸುಖದುಃಖ ಬರೆದದ್ದು ಮರಳನ್ನು ಕೇಳಿಕೊಂಡು ಅಂತ ನನಗೆ ಗೊತ್ತಾದದ್ದು ಆವಾಗಲೇ.

ಮೊದಲು ಒಂದು ಕರೀ ಗಾಡಿ. ನನ್ನ ಎದೆಮಟ್ಟಕ್ಕೆ ಅದರ ಬಾನೆಟ್ಟು. ಮುಖ ಹೇಗಿತ್ತು ಅಂದರೆ, ಕೊಟ್ಟ ಸಾಲ ವಾಪಸ್ ಕೇಳೋಕೆ ಬಂದವರ ಥರ. ಮಗಳಿಗೆ ನೋಡಿದ ತಕ್ಷಣ ಇಷ್ಟವಾಯಿತು. ಅಳಿಯ ಬಾಗಿಲು ಹಾಕಿದ. "ಧಪ್". ಕಣ್ಣಲ್ಲಿ ನೀರೇ ಬಂತು ಅವನಿಗೆ. ಕೆಲಸಗಾರರು ಏದುಸಿರು ಬಿಡ್ತಾ ಚೀಲವನ್ನ ಹಿಂದೆ ಕೂರಿಸಿ ಬೆಲ್ಟ್ ಹಾಕಿದರು. ಅಳಿಯ ಬಗ್ಗಿ ನೋಡಿ, "ಮೂರನೇ ಸಾಲು, ಒಂಬತ್ತು" ಅಂತ ಬರೆದ.

"ಹೆಂಗೆ ಒಂಬತ್ತು?"

"ತಲೆ ಮೇಲೆ ನಾಲ್ಕು ಬೆರಳು ಜಾಗ ಇದೆ. ದೂರು ಇಲ್ಲ."

ಮರಳು ದೂರು ಹೇಳುತ್ತಾ? ನನಗೆ ತಡೆಯೋಕೆ ಆಗಲಿಲ್ಲ. "ಸರೀಯಯ್ಯಾ, ನಾನೂ ಹತ್ತಿ ತೋರಿಸ್ತೀನಿ" ಅಂದೆ. ಹತ್ತೋಕೆ ಕಷ್ಟವೇ ಇಲ್ಲ ಅಂತ ಎಲ್ಲರ ಕಣ್ಣೆದುರೇ ತೋರಿಸಿಬಿಟ್ಟರೆ ಆ ರೆಸ್ಟಿನ ಮಾತು ಮುಗಿದುಹೋಗುತ್ತಲ್ಲ! ನಡುಸೀಟನ್ನ ಮಡಚಿದರು. ಎಡಗಾಲು ಎತ್ತಿಟ್ಟೆ, ಹಲ್ಲು ಕಚ್ಚಿ ಬಲಗಾಲು ಎಳೆದುಕೊಂಡೆ, ಸೊಂಟ ಡೊಂಕು ಮಾಡಿ, ಹೊಟ್ಟೆ ಒಳಗೆಳೆದು, ಹೇಗೋ ತೂರಿ ಚೀಲದ ಪಕ್ಕ ಧೊಪ್ ಅಂತ ಬಿದ್ದೆ. ಸೆಕೆಯಾಗಿ ಶಾಲು ತೆಗೆದು ಪಕ್ಕಕ್ಕಿಟ್ಟೆ. "ಆಹಾ, ಸ್ವರ್ಗ!" ಅಂದೆ. ಮಂಡಿಯಲ್ಲಿ ಯಾರೋ ಮೊಳೆ ಹೊಡೀತಿದ್ದರು.

"ಸರಿ, ಇಳೀರಿ ಅತ್ತೆ."

ಇಳಿಯೋದಾ? ಮಂಡಿ ಮಡಚಿದ್ದು ಮಡಚಿದ ಹಾಗೇ ಇತ್ತು. ಮುಂದೆ ಬಾಗಿದರೆ ತಲೆ ತಾಗುತ್ತೆ, ಪಕ್ಕಕ್ಕೆ ವಾಲಿದರೆ ಚೀಲ. ಐದು ನಿಮಿಷ ಕೂತೆ.

"ಅಮ್ಮಾ, ಏನಾಯ್ತೇ?"

"ಹೊಲಿಗೆ ನೋಡ್ತಿದ್ದೀನಿ ಕಣೇ. ಎಷ್ಟು ನೀಟಾಗಿ ಹೊಲಿದಿದ್ದಾರೆ ನೋಡು!"

ಹತ್ತು ನಿಮಿಷ ಆದ ಮೇಲೆ ಹೊಗಳೋಕೆ ಹೊಲಿಗೆ ಉಳಿಯಲಿಲ್ಲ. ವಿಧಿಯಿಲ್ಲದೆ ಕೈಚೀಲದಿಂದ ಸೀಟಿ ತೆಗೆದು ಊದಿದೆ. ಶೋರೂಮಿನ ಸಿಬ್ಬಂದಿಯೆಲ್ಲ ಓಡಿ ಬಂದರು. ಕೊನೆಗೆ ಹಿಂದಿನ ಡಿಕ್ಕಿ ಬಾಗಿಲು ತೆಗೆದು, ಸೀಟು ಮಲಗಿಸಿ, ಸಾಮಾನು ಇಳಿಸೋ ಹಾಗೆ ನನ್ನನ್ನ ಹಿಂದಿನಿಂದ ಇಳಿಸಿದರು. "ಈ ದಾರಿ ಸಲೀಸಾಗಿದೆ ಅಂತ ತೋರಿಸೋಣ ಅಂತಿದ್ದೆ" ಅಂದೆ. ಮಗಳು ಗಂಡನ ಮುಖ ನೋಡಿದಳು. ಆ ನೋಟದಲ್ಲಿ "ರೆಸ್ಟ್" ಅಂತ ಸ್ಪಷ್ಟವಾಗಿ ಬರೆದಿತ್ತು.

ಅಷ್ಟರಲ್ಲಿ ಪುಟ್ಟಿ ಚೀಲದ ಗಂಟಿಗೆ ಪೆನ್ನಿನಲ್ಲಿ ಕಣ್ಣು ಮೂಗು ಬರೆದು, ನನ್ನ ಶಾಲನ್ನ ಅದಕ್ಕೆ ಹೊದಿಸಿ, "ಅಜ್ಜಿ ನಂಬರ್ ಟೂ!" ಅಂತ ಕೇಕೆ ಹಾಕ್ತಿದ್ದಳು. ನೋಡಿದರೆ ನನ್ನ ಥರಾನೇ ಮುಖ ಊದಿಸಿಕೊಂಡಿತ್ತು ಹಾಳಾದ್ದು.

ಮೂಲೆಯಲ್ಲಿ ಒಂದು ಬಿಳಿ ಮಿನಿವ್ಯಾನ್ ನಿಂತಿತ್ತು. ಬ್ರೆಡ್ಡಿನ ಡಬ್ಬಕ್ಕೆ ಚಕ್ರ ಹಾಕಿದ ಹಾಗೆ. ಅಳಿಯ ಅದರ ಮುಖ ನೋಡಿ "ಅಂದ, ಮೂರು" ಅಂತ ಗೀಚಿದ. "ಇದರಲ್ಲಿ ಹೋದರೆ ನನ್ನ ಓದುಗರು ನಗ್ತಾರೆ." ಆದರೆ ಅದರ ಬಾಗಿಲು ತಾನಾಗೇ ಪಕ್ಕಕ್ಕೆ ಜಾರೋದನ್ನ ನೋಡಿ ಪುಟ್ಟಿ ಹಟ ಹಿಡಿದಳು. ಸರಿ, ಒಂದು ಸುತ್ತು ಹೊಡೆದು ಬರೋಣ ಅಂತಾಗಿ ಗಾಡಿಯನ್ನ ಹೊರಗೆ ರಸ್ತೆಗೆ ತಂದರು. ಚೀಲವನ್ನ ಶಾಲಿನ ಸಮೇತ ಮೂರನೇ ಸಾಲಿಗೆ ಸಾಗಿಸಿದರು. ಅಳಿಯ ಸ್ಟಿಯರಿಂಗ್ ಹಿಡಿದ, ಪಕ್ಕದಲ್ಲಿ ಮಗಳು. ನಡುಸಾಲಿನ ಕಿಟಕಿಗೆ ಪರದೆ ಇದೆ ಅಂತ ಗೊತ್ತಾಗಿ ಪುಟ್ಟಿ ಅದನ್ನ ಎಳೆಯೋದರಲ್ಲಿ, ಬಿಡೋದರಲ್ಲಿ ಮುಳುಗಿಹೋದಳು.

"ಅತ್ತೆ, ನೀವು ಚೀಲದ ಪಕ್ಕ ಕೂತ್ಕೊಳ್ಳಿ" ಅಂದ ಅಳಿಯ.

ನಾನು ಬಾಗಿಲ ಹತ್ತಿರ ಬಂದೆ. ತಗ್ಗಿನ ಮೆಟ್ಟಿಲು, ಹಿಡಿಯೋಕೆ ಹಿಡಿ, ಪಕ್ಕಕ್ಕೆ ಸರಿಯೋ ಬಾಗಿಲು. ಮೂವತ್ತೊಂದು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತೆ ಹೇಳಿ? ಕಂಡಕ್ಟರು ಯಾವತ್ತೂ ಕೊನೆಗೆ ಹತ್ತೋದು. ಎಲ್ಲರೂ ಹತ್ತಿದರಾ ನೋಡಿದೆ, ಗಾಡಿಯ ಮೈಗೆ ಎರಡು ಸಲ ಧಬ ಧಬ ಬಡಿದೆ, "ರೈಟ್!" ಅಂತ ಕೂಗಿದೆ.

ಬಾಗಿಲು ಸುಯ್ ಅಂತ ಜಾರಿ ಮುಚ್ಚಿಕೊಂಡಿತು. ಅಳಿಯ ಹೊರಟೇಬಿಟ್ಟ.

ಹಳೇ ಕಾಲದ ಬಸ್ಸಾಗಿದ್ದರೆ ಓಡಿ ಹಿಡೀತಿದ್ದೆ. ಈಗ ಎರಡು ಹೆಜ್ಜೆ ಓಡಿದೆ, ಮಂಡಿ "ಅಯ್ಯೋ" ಅಂತು. ಸೀಟಿ ಊದಿದೆ, ಊದಿದೆ, ಕೆನ್ನೆ ನೋಯೋ ತನಕ ಊದಿದೆ. ಆ ಗಾಡಿಗೆ ಹೊರಗಿನ ಸದ್ದು ಒಳಗೆ ಬಾರದ ಹಾಗೆ ಗಾಜು ಹಾಕಿದ್ದಾರಂತೆ. ಅದಕ್ಕೇ ಬೇರೆ ಒಂಬತ್ತು ಮಾರ್ಕ್ಸ್ ಕೊಟ್ಟನಂತೆ ಆಮೇಲೆ.

"ಮೇಡಂ, ನೀವು ಹೋಗಲಿಲ್ವಾ?" ಅಂದ ಪಕ್ಕದಲ್ಲಿ ನಿಂತಿದ್ದ ಸೇಲ್ಸ್‌ಮನ್.

"ಕಾಣ್ತಿಲ್ವೇನಯ್ಯಾ, ಹೋಗಿದ್ದೀನಿ!" ಅಂತ ಹರಿಹಾಯ್ದೆ. ಪಾಪ, ಅವನು ಒಳಗಿಂದ ಕುರ್ಚಿ ತಂದು ಫುಟ್‌ಪಾತಿನ ಮೇಲೆ ಹಾಕಿದ.

ಕೂತೆ. ತಿರುವಿನಲ್ಲಿ ಆ ಬಿಳಿ ಡಬ್ಬ ಮರೆಯಾಯಿತು. ಹಿಂದಿನ ಗಾಜಿನಲ್ಲಿ ನನ್ನದೇ ಶಾಲು ಕಾಣ್ತಿತ್ತು. ಸಮುದ್ರಕ್ಕೆ ಹೊರಡೋ ದಿನವೂ ಹೀಗೇ ಅಲ್ಲವಾ ಅನ್ನಿಸಿತು. ಗಾಡಿ ಹೋಗುತ್ತೆ, ನಾನು ನಿಂತಿರ್ತೀನಿ. ನನ್ನ ಜಾಗದಲ್ಲಿ ಒಂದು ಚೀಲ ಇದ್ದರೂ ಅವರಿಗೆ ಸಾಕು. ಸೇಲ್ಸ್‌ಮನ್ ಎದುರಿಗೇ ಗಳಗಳ ಅತ್ತುಬಿಟ್ಟೆ.

ಅರ್ಧ ದಾರಿಗೆ ಗೊತ್ತಾಗಿ ಗಾಬರಿಯಿಂದ ತಿರುಗಿ ಬರ್ತಾರೆ ಅಂದುಕೊಂಡಿದ್ದೆ. ಇಲ್ಲ! ಪೂರಾ ಇಪ್ಪತ್ತು ನಿಮಿಷ ಸುತ್ತಾಡಿಕೊಂಡು ಬಂದರು. ಬಾಗಿಲು ಜಾರಿ ತೆರೆಯಿತು. ಅಳಿಯ ಗೆದ್ದ ಮುಖ ಹೊತ್ತು, ಒಳಗೆ ತಲೆ ಹಾಕಿ, ಚೀಲಕ್ಕೆ ಹೇಳಿದ: "ನಿಧಾನಕ್ಕೆ ಇಳೀರಿ ಅತ್ತೆ. ಅಬ್ಬಾ, ಹದಿನಾರು ವರ್ಷದಲ್ಲಿ ಮೊದಲನೇ ಸಲ ನಿಮ್ಮ ಬಾಯಿಂದ ಒಂದು ದೂರೂ ಬರಲಿಲ್ಲ!"

ನಾನು ಫುಟ್‌ಪಾತಿನಿಂದ ಸೀಟಿ ಊದಿದೆ.

ಮೂವರೂ ತಿರುಗಿದರು. ಕುರ್ಚಿ ಮೇಲೆ ನಾನು. ಗಾಡಿಯೊಳಗೆ ನಾನು. ಅಳಿಯ ಎರಡು ಸಲ ಅತ್ತ ಇತ್ತ ನೋಡಿದ. ಪುಟ್ಟಿ ಕೇಳಿದಳು: "ಅಜ್ಜೀ, ನೀನು ಯಾವ ಸ್ಟಾಪಲ್ಲಿ ಇಳಿದೆ?"

ಫಾರಂ ಕಿತ್ತುಕೊಂಡು ನೋಡಿದೆ. ಮೂರನೇ ಸಾಲು, ಹತ್ತಕ್ಕೆ ಹತ್ತು. ಪಕ್ಕದಲ್ಲಿ ಷರಾ: "ಅತ್ತೆಗೆ ಸೊಂಟದ ಆಸರೆ ಸಾಕೇ ಎಂದು ಮೂರು ಬಾರಿ ಕೇಳಿದೆ. ಮೌನ ಸಮ್ಮತಿ."

"ಸಮ್ಮತಿ ನಿನ್ನ ತಲೆ!" ಅಂತ ಶುರುಮಾಡಿದೆ ನೋಡಿ, ನಿಲ್ಲಲೇ ಇಲ್ಲ. "ನನ್ನ ಮಂಡಿ ಹೋಗಿದೆ ಕಣಯ್ಯಾ. ಹೋಗಿ ಎರಡು ವರ್ಷ ಆಯ್ತು. ಆ ಕರೀ ಗಾಡೀಲಿ ನಾನು ಹೊಲಿಗೆ ನೋಡ್ತಿರಲಿಲ್ಲ, ಸಿಕ್ಕಿಹಾಕಿಕೊಂಡಿದ್ದೆ. ಹೇಳಿದರೆ ನನ್ನನ್ನ ಬಿಟ್ಟು ಹೋಗ್ತೀರಿ ಅಂತ ಹೇಳಲಿಲ್ಲ. ನನಗೆ ರೆಸ್ಟ್ ಬೇಡ. ನಿಮ್ಮ ಜೊತೆ ಬರಬೇಕು ನನಗೆ!"

"ಯಾರಮ್ಮಾ ನಿನ್ನನ್ನ ಬಿಟ್ಟು ಹೋಗ್ತೀವಿ ಅಂದಿದ್ದು?"

"ನೀನೇ. ಮಂಗಳವಾರ. ಅಡುಗೆಮನೆ."

ಮಗಳ ಮುಖ ಕೆಂಪಾಯಿತು. ಅಂದಿದ್ದಳು, ಅಂದಿಲ್ಲ ಅನ್ನಲಿಲ್ಲ. ಬಂದು ನನ್ನ ಕುರ್ಚಿ ಪಕ್ಕ ಫುಟ್‌ಪಾತಿನ ಮೇಲೇ ಕೂತು, ನನ್ನ ಮಂಡಿ ಮೇಲೆ ಕೈಯಿಟ್ಟು, "ಇದೇನಾ?" ಅಂದಳು. "ಅದಲ್ಲ, ಬಲಗಡೇದು" ಅಂದೆ. ಇಬ್ಬರಿಗೂ ಅಳುವಿನ ಮಧ್ಯೆ ನಗು ಬಂತು.

ಅಳಿಯ ನನ್ನ ಕೈಯಿಂದ ಫಾರಂ ತಗೊಂಡ. ಬರೆದ ಹತ್ತನ್ನ ಹೊಡೆದುಹಾಕಿದ. ಕರೀ ಗಾಡಿಯ ಒಂಬತ್ತನ್ನೂ ಹೊಡೆದುಹಾಕಿದ. ಆಮೇಲೆ ಫಾರಮ್ಮಿನ ಕೆಳಗೆ ಕೈಬರಹದಲ್ಲಿ ನಲವತ್ತೊಂದನೇ ಪ್ರಶ್ನೆ ಸೇರಿಸಿದ: "ಅತ್ತೆ ತಾವಾಗೇ ಹತ್ತಿ, ತಾವಾಗೇ ಇಳಿಯುತ್ತಾರೆಯೇ?"

"ಈಗ ನೀವೇ ಹೇಳಿ" ಅಂದ.

ಹಿಡಿ ಹಿಡಿದು ಮೆಟ್ಟಿಲಿಗೆ ಕಾಲಿಟ್ಟೆ. ಯಾವ ಸೀಟನ್ನೂ ಮಡಚಬೇಕಾಗಿರಲಿಲ್ಲ. ನಡುಸಾಲಿನ ಎರಡು ಸೀಟುಗಳ ಮಧ್ಯೆ ಓಡಾಡೋಕೆ ದಾರಿಯೇ ಇತ್ತು. ಸ್ವಲ್ಪ ಬಗ್ಗಿ, ಆ ಕಡೆ ಈ ಕಡೆ ಸೀಟು ಹಿಡಿದು, ನಡೆದೇ ಹೋದೆ. "ಬಸ್ಸು ಕಣಯ್ಯಾ ಇದು!" ಅಂತ ಕೂಗಿದೆ. ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಸುಮ್ಮನೆ ಖುಷಿಗೆ ಇನ್ನೊಂದು ಸಲ ಇಳಿದೆ. ಅಳಿಯ ಸೇಲ್ಸ್‌ಮನ್ ಕಡೆ ತಿರುಗಿ, "ಇದೇ" ಅಂದ.

"ನಿನ್ನ ಓದುಗರು ನಗ್ತಾರಲ್ಲಯ್ಯಾ?"

"ನಗಲಿ ಬಿಡಿ ಅತ್ತೆ. ಈ ಚೀಲದ ವಿಷಯ ಗೊತ್ತಾದರೆ ಇನ್ನೂ ಜೋರಾಗಿ ನಗ್ತಾರೆ."

ಇನ್ನೊಂದು ಸುತ್ತು ಹೋಗೋಣ ಅಂತ ಹಟ ಹಿಡಿದವಳು ಈ ಸಲ ನಾನು. ಕಿಟಕಿ ಪಕ್ಕದ ಸೀಟಲ್ಲಿ ಚೀಲ ಕೂತಿತ್ತು. ಅಳಿಯ ಕೆಲಸಗಾರರನ್ನ ಕರೆಯಲಿಲ್ಲ. ತಾನೇ ಬೆಲ್ಟ್ ಬಿಚ್ಚಿ, ಐವತ್ತೈದು ಕಿಲೋನ ಅವುಚಿಕೊಂಡು, ಬೆವರು ಸುರಿಸುತ್ತಾ ಇಳಿಸಿ ಫುಟ್‌ಪಾತಿನ ಕುರ್ಚಿ ಮೇಲೆ ಕೂರಿಸಿದ. ಶಾಲು ಕೊಡವಿ ತಂದು ನನಗೆ ಹೊದಿಸಿದ. ನನ್ನ ಬೆಲ್ಟ್ ತಾನೇ ಹಾಕಿದ.

ಹೋಗಿ ಸ್ಟಿಯರಿಂಗ್ ಮುಂದೆ ಕೂತ. ಕನ್ನಡಿಯಲ್ಲಿ ನೋಡಿದ. ಕನ್ನಡಿಯನ್ನ ನಂಬಲಿಲ್ಲ, ಪೂರ್ತಿ ಕತ್ತು ತಿರುಗಿಸಿ ಹಿಂದೆ ನೋಡಿದ.

"ಅತ್ತೆ, ಇದ್ದೀರಾ?"

"ಇದ್ದೀನಿ ಕಣಯ್ಯಾ" ಅಂದೆ. ಒಳಗಿನಿಂದಲೇ ಗಾಡಿಯ ಮೈಗೆ ಎರಡು ಸಲ ಬಡಿದೆ. "ರೈಟ್!"