ನಿಲ್ಲದ ಮಿಷನ್ನು

“ನಿಮ್ಮ ಪ್ರೋಗ್ರಾಮು ನಿಲ್ಲಲೇ ಇಲ್ಲ. ಯಂತ್ರವನ್ನು ನಾವೇ ನಿಲ್ಲಿಸಬೇಕಾಯಿತು.” ಕೆಂಪು ಶಾಯಿಯ ಆ ಎರಡು ಸಾಲನ್ನು ಮಾದೇವಿ ಬಸ್ಸಿನಲ್ಲೇ ಹತ್ತು ಸಲ ಓದಿದ್ದಳು. ಈಗ ಬೆಳಕವಾಡಿಯ ಮನೆಯ ಜಗಲಿಯಲ್ಲಿ ಕೂತು ಮತ್ತೆ ಓದುತ್ತಿದ್ದಳು.

ಮಳವಳ್ಳಿಯಲ್ಲಿ ಪಿಯುಸಿ ಓದುತ್ತಿದ್ದ ಅವಳು ಕಂಪ್ಯೂಟರನ್ನು ಕಂಡವಳೇ ಅಲ್ಲ. ಗಣಿತದಲ್ಲಿ ಮುಂದಿರುವ ಮಕ್ಕಳಿಗೆಂದು ಬೆಂಗಳೂರಿನ ಸಂಸ್ಥೆಯೊಂದು ಅಂಚೆಯಲ್ಲಿ ಪಾಠ ಕಳಿಸುತ್ತಿತ್ತು. ಇವರು ಚೌಕಳಿ ಹಾಳೆಯಲ್ಲಿ ಬರೆದು ಕಳಿಸಿದ್ದನ್ನು ಅಲ್ಲಿನವರು ಕಾರ್ಡುಗಳಲ್ಲಿ ತೂತು ಹೊಡೆದು ಯಂತ್ರಕ್ಕೆ ಕೊಡುತ್ತಿದ್ದರು. ಉತ್ತರ ಬರಲು ಹದಿನೈದು ದಿನ. ಮೂರು ಪ್ರೋಗ್ರಾಮು ಸರಿಯಾದವರಿಗೆ ಬೇಸಿಗೆಯಲ್ಲಿ ಒಂದು ತಿಂಗಳು ಆ ಯಂತ್ರದ ಮುಂದೆಯೇ ಕೂತು ಕಲಿಯುವ ಅವಕಾಶ. ಅವಳ ಎರಡು ಸರಿಯಾಗಿದ್ದವು. ಮೂರನೆಯದನ್ನು ತಿದ್ದಿ ನಾಳೆಯ ಟಪಾಲಿಗೆ ಹಾಕದಿದ್ದರೆ ಎಲ್ಲ ಮುಗಿದಂತೆ. ಗಣಿತದ ಮೇಷ್ಟ್ರು ಸಂಪತ್ ಕುಮಾರ ಎರಡು ಸಲ ನೋಡಿ, “ಸರಿಯಾಗೇ ಇದೆಯಲ್ಲಮ್ಮ” ಎಂದಿದ್ದರು.

ಗದ್ದೆಯಿಂದ ಬಂದ ಅಪ್ಪ ಕೆಂಪಸಿದ್ದಯ್ಯ ಮಗಳ ಓದಿಗೆ ಬಾಯಿ ಹಾಕುವವನಲ್ಲ. ಅವಳು ಹೈಸ್ಕೂಲು ದಾಟಿದ ಮೇಲೆ ಆ ಪುಸ್ತಕಗಳ ಹತ್ತಿರ ಕೂರಲೂ ಅವನಿಗೆ ಸಂಕೋಚ. ಇವತ್ತು ಮಾತ್ರ ಅವಳ ಮುಖ ನೋಡಿ ಸುಮ್ಮನೆ ಒಳಗೆ ಹೋಗಲಾಗಲಿಲ್ಲ.

“ಯಾಕ್ ಮಗ, ಇಂಗ್ ಕುಂತಿದ್ದೀ?”

“ಏನಿಲ್ಲ ಬುಡಪ್ಪ. ನಿಂಗ್ ಗೊತ್ತಾಗಕಿಲ್ಲ.”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ಟವಲಿನಿಂದ ಕತ್ತು ಒರೆಸಿಕೊಂಡು, “ಆ ಮಿಸನ್ನಿಗಾದ್ರೂ ಗೊತ್ತಾಯ್ತದಾ?” ಎಂದ.

“ಅದ್ಕೂ ಏನೂ ಗೊತ್ತಾಗಕಿಲ್ಲ. ಯೇಳಿದ್ದಷ್ಟೇ ಮಾಡ್ತದೆ.”

“ಅಂಗಾರೆ ನನ್ಗೇ ಯೇಳು. ಮಾಡ್ತೀನಿ.”

ಮಾದೇವಿಗೆ ನಗು ಬಂತು. ಎರಡು ಬಟ್ಟಲು, ಮೊರದ ತುಂಬ ಹುಣಸೆಬೀಜ ತಂದು ಅವನ ಮುಂದಿಟ್ಟಳು. ಒಂದರಿಂದ ಹತ್ತರವರೆಗೆ ಕೂಡುತ್ತ ಹೋಗುವ ನಾಲ್ಕು ಸಾಲನ್ನು ಹಾಳೆಯಲ್ಲಿದ್ದಂತೆಯೇ ಕನ್ನಡದಲ್ಲಿ ಹೇಳಿದಳು.

“ಒಂದ್ನೆ ಸಾಲು, ಮೊದಲ್ನೆ ಬಟ್ಲು ಬರಿದು ಮಾಡಿ ಒಂದು ಬೀಜ ಹಾಕು. ಎರಡ್ನೇದು, ಅದ್ರಲ್ಲಿ ಎಷ್ಟದೋ ಅಷ್ಟು ಬೀಜ ಮೊರದಿಂದ ತಗಂಡು ಎರಡ್ನೆ ಬಟ್ಲಿಗೆ ಹಾಕು. ಮೂರ್ನೇದು, ಮೊದಲ್ನೆ ಬಟ್ಲಿಗೆ ಇನ್ನೊಂದು ಸೇರ್ಸು. ನಾಕ್ನೇದು, ಅದು ಹತ್ತು ದಾಟಿದ್ರೆ ನಿಲ್ಸು. ಇಲ್ದಿದ್ರೆ ಒಂದ್ನೆ ಸಾಲಿಗೆ ವಾಪಸ್ ಹೋಗು.”

ಕೆಂಪಸಿದ್ದಯ್ಯ ಚಕ್ಕಂಬಟ್ಟಲೆ ಹಾಕಿ ಕೂತ. ಕಾಫಿ ತಂದ ಅವ್ವ ದೇವಿರಮ್ಮ, “ಇದೇನಾಟ ಅಪ್ಪ ಮಗಳ್ದು?” ಎಂದಳು.

“ಮಾತಾಡಿಸ್ಬ್ಯಾಡ ಕಣೆ. ನಾನೀಗ ಮಿಸನ್ನು.”

ಮಾದೇವಿ ಹಾಳೆಯಲ್ಲೇ ಮುಳುಗಿದ್ದಳು. ತಲೆ ಎತ್ತಿದಾಗ ಕಾಫಿ ಆರಿ ಕೆನೆ ಕಟ್ಟಿತ್ತು. ಎರಡನೆಯ ಬಟ್ಟಲು ತುಂಬಿ ಬೀಜ ನೆಲಕ್ಕೆ ಉರುಳುತ್ತಿತ್ತು. ಮೊದಲನೆಯದರಲ್ಲಿ ಎರಡೇ ಎರಡು.

“ಅಪ್ಪ, ಇಲ್ಯಾಕೆ ಎರಡೇ ಅವೆ?”

“ಎರಡಾಯ್ತಿದ್ದಂಗೆ ಒಂದ್ನೆ ಸಾಲಿಗೆ ಓಗು ಅಂತೀ. ಅಲ್ಲಿಗೋದ್ರೆ ಬರಿದು ಮಾಡು ಅಂತೀ. ಹತ್ತು ದಾಟದು ಯಾವ್ ಕಾಲ್ಕೆ ಮಗ?”

“ಮೊದ್ಲೇ ಯಾಕ್ ಯೇಳ್ನಿಲ್ಲ?”

“ಯೇಳು ಅಂತ ನೀನು ಅನ್ನನೇ ಇಲ್ವಲ್ಲ.”

ವಾಪಸ್ ಹೋಗಬೇಕಾದದ್ದು ಎರಡನೆಯ ಸಾಲಿಗೆ. ಮೇಷ್ಟ್ರೂ ಅವಳೂ ಇರಬೇಕಾದದ್ದನ್ನು ಓದಿಕೊಂಡಿದ್ದರೇ ಹೊರತು ಬರೆದದ್ದನ್ನಲ್ಲ. ಅಂಕಿ ತಿದ್ದಿ, ಎರಡೂ ಬಟ್ಟಲನ್ನು ಮೊರಕ್ಕೆ ಸುರಿದು, “ಇನ್ನೊಂದ್ ಸಲ ಮಾಡಪ್ಪ” ಎಂದಳು. ಈ ಸಲ ಮೊದಲನೆಯ ಬಟ್ಟಲಲ್ಲಿ ಹನ್ನೊಂದಾದಾಗ ಅವನು ಕೈ ಎತ್ತಿ ನಿಲ್ಲಿಸಿದ. ಎರಡನೆಯ ಬಟ್ಟಲಲ್ಲಿ ಐವತ್ತೈದಿದ್ದವು. ಮಾದೇವಿ ಎರಡೆರಡು ಸಲ ಎಣಿಸಿದಳು.

“ಸರೀನಾ ಮಗ?” ಪರೀಕ್ಷೆ ಬರೆದವನ ಹಾಗೆ ಅವನು ಕೇಳಿದ.

“ಸರಿ ಕಣಪ್ಪ,” ಎಂದಳು. ಹಾಳೆಯನ್ನು ಮಡಿಸಿ ಲಕೋಟೆಗೆ ಹಾಕಿದಳು.

ಮೂರು ವಾರದ ಮೇಲೆ ದಪ್ಪ ಲಕೋಟೆ ಬಂತು. ಮೇ ತಿಂಗಳಿಗೆ ಬರಹೇಳಿದ ಕಾಗದ, ಜೊತೆಗೆ ಎರಡೂ ಅಂಚಿನಲ್ಲಿ ಸಾಲಾಗಿ ತೂತುಗಳಿದ್ದ, ಅವಳ ಮೂರೂ ಪ್ರೋಗ್ರಾಮನ್ನು ಉತ್ತರದ ಸಮೇತ ಯಂತ್ರವೇ ಅಚ್ಚು ಹಾಕಿದ ಉದ್ದನೆಯ ಹಾಳೆ. ಮಡಿಕೆ ಬಿಡಿಸಿ ಹಾಸಿದರೆ ಬಾಗಿಲಿನಿಂದ ಕಂಬದವರೆಗೆ ಬಂತು. ಆಗಷ್ಟೇ ಗದ್ದೆಯಿಂದ ಬಂದಿದ್ದ ಕೆಂಪಸಿದ್ದಯ್ಯ ಜಗಲಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ಗಾಳಿಗೆ ಏಳುತ್ತಿದ್ದ ತುದಿಯನ್ನು ಎರಡೇ ಬೆರಳಲ್ಲಿ ಒತ್ತಿಕೊಂಡು, ಕೆಸರಿನ ಕಾಲನ್ನು ಹಾಳೆಗೆ ತಾಗದಂತೆ ಒಂದಿಷ್ಟು ಹಿಂದಕ್ಕೆ ಎಳೆದುಕೊಂಡ.