ದೊರೆಸಾನಿಯ ಲದ್ದಿ

ನಮ್ಮ ಅತ್ತೆಗೆ ಇಬ್ಬರ ಮೇಲೆ ಪ್ರಾಣ. ಒಬ್ಬ ಅವರ ಮಗ, ಅಂದರೆ ನನ್ನ ಗಂಡ. ಇನ್ನೊಬ್ಬಳು ದೊರೆಸಾನಿ, ಲಾಯದ ಮುದಿ ಕುದುರೆ. ಮಗನನ್ನು ನನಗೆ ಒಪ್ಪಿಸಿದ್ದರು. ಕುದುರೆಯನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ನಾನು ಪಶುವೈದ್ಯೆ, ಊರವರ ಕುದುರೆಗಳನ್ನೆಲ್ಲ ನೋಡುವವಳು. ಆದರೂ ದೊರೆಸಾನಿಗೆ ಒಂದು ಸೀನು ಬಂದರೂ ಹಳೆಯ ಡಾಕ್ಟರೇ ಬರಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವತ್ತು ಬೆಳಿಗ್ಗೆ ಹಳೆಯ ಡಾಕ್ಟರು ಊರಲ್ಲಿರಲಿಲ್ಲ. ದೊರೆಸಾನಿ ಮೇವು ಮೂಸದೆ, ಮುಂಗಾಲಿನಿಂದ ನೆಲ ಕೆರೆಯುತ್ತ, ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿದ್ದಾಳೆಂದು ಅತ್ತೆ ನನಗೇ ಫೋನು ಮಾಡಿದರು. ಕ್ಲಿನಿಕ್ಕಿನಿಂದ ಬ್ಯಾಗು ಹಿಡಿದು ಮನೆಗೆ ಓಡಿದೆ. ಹೊಟ್ಟೆಶೂಲೆ, ಅನುಮಾನವೇ ಇಲ್ಲ. ಕರುಳು ತಿರುಚಿಕೊಂಡಿದ್ದರೆ ದೂರದ ದೊಡ್ಡಾಸ್ಪತ್ರೆಗೆ ಸಾಗಿಸಿ ಹೊಟ್ಟೆ ಕೊಯ್ಯಿಸಬೇಕು, ಆ ವಯಸ್ಸಿಗೆ ಅದು ಆಗದ ಮಾತು. ಬರೀ ಲದ್ದಿ ಕಟ್ಟಿಕೊಂಡಿದ್ದರೆ ಬದುಕುತ್ತಾಳೆ.

"ಅತ್ತೆ, ಲದ್ದಿ ಯಾವಾಗ ಹಾಕಿದ್ಲು? ಗಟ್ಟಿಯಾಗಿತ್ತಾ, ತೆಳ್ಳಗಿತ್ತಾ?"

ಅತ್ತೆ ನೆಲ ನೋಡಿದರು. ನಾನೂ ನೋಡಿದೆ. ಲಾಯ ಫಳಫಳ ಹೊಳೆಯುತ್ತಿತ್ತು. ಹಾಸಿದ ಹುಲ್ಲೂ ಇಲ್ಲ, ಲದ್ದಿಯೂ ಇಲ್ಲ, ಫಿನಾಯಿಲ್ ವಾಸನೆ ಬೇರೆ.

"ತೊಳೆದುಬಿಟ್ಟೆ ಕಣೆ. ಏನಿತ್ತು, ಏನಿರ್ಲಿಲ್ಲ, ಗಾಬರೀಲಿ ನೋಡ್ಲಿಲ್ಲ."

"ಕುದುರೆ ಒದ್ದಾಡ್ತಿರುವಾಗ ನಿಮಗೆ ಪೊರಕೆ ಬೇಕಿತ್ತಾ?"

"ಡಾಕ್ಟರು ಬರ್ತಾರೆ ಅಂದ್ರೆ ಗಲೀಜು ಹಾಗೇ ಬಿಡೋಕಾಗುತ್ತಾ?"

"ಯಾವ ಡಾಕ್ಟರು?"

"ಇನ್ಯಾರು, ನೀನೇ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಮೂಗು ಒರೆಸಿಕೊಂಡು ಕೆಲಸಕ್ಕೆ ನಿಂತೆ.

ಪಕ್ಕೆಗೆ ಸ್ಟೆತೊಸ್ಕೋಪು ಇಟ್ಟೆ. ಗುಡುಗುಡು ಅನ್ನಬೇಕಾದ ಹೊಟ್ಟೆ ತೆಪ್ಪಗಿತ್ತು. ಎಡಕ್ಕೆ ಅಪರೂಪಕ್ಕೊಂದು ಗೊರಗೊರ. ಅಷ್ಟಾದರೂ ಇದೆಯಲ್ಲ ಅಂದುಕೊಂಡೆ. ತುಟಿ ಎತ್ತಿ ನೋಡಿದರೆ ವಸಡಿನ ಬಣ್ಣ ಕೆಟ್ಟಿರಲಿಲ್ಲ. ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿದೆ. ಒಳಗಿಂದ ನೀರು ಉಕ್ಕಿ ಬರಲಿಲ್ಲ, ಅದೂ ಒಳ್ಳೆಯದೇ. ನೋವಿಗೆ ಇಂಜೆಕ್ಷನ್ ಕೊಟ್ಟು, ಉದ್ದನೆಯ ಗ್ಲೌಸು ತೊಟ್ಟು, ಹಿಂದಿನಿಂದ ಭುಜದವರೆಗೂ ಕೈ ಹಾಕಿದೆ. ಅತ್ತೆ ಕಣ್ಣು ಮುಚ್ಚಿಕೊಂಡರು. ದೊಡ್ಡ ಕರುಳಿನ ತಿರುವಿನಲ್ಲಿ ಗಟ್ಟಿ ಗಡ್ಡೆ ಸಿಕ್ಕಿತು. ಬೆರಳು ಒತ್ತಿದರೆ ನಾದಿದ ಹಿಟ್ಟಿನಂತೆ ತಗ್ಗು ಬಿತ್ತು.

"ತಿರುಚಿಕೊಂಡಿಲ್ಲ ಅತ್ತೆ. ಲದ್ದಿ ಕಟ್ಕೊಂಡಿದೆ, ಅಷ್ಟೆ. ಕರಗಿಸೋಣ."

"ಸುಳ್ಳು ಹೇಳ್ತಿಲ್ಲ ತಾನೆ?"

"ನಿಮಗೆ ಸುಳ್ಳು ಹೇಳಿ ಈ ಮನೇಲಿ ಬಾಳ್ವೆ ಮಾಡೋಕಾಗುತ್ತಾ?"

ಕೊಳವೆಯಲ್ಲಿ ಉಗುರುಬೆಚ್ಚನೆಯ ನೀರು, ಎಣ್ಣೆ ಬಿಟ್ಟೆ. ಆಮೇಲೆ ಕಾಯುವುದೇ ಕೆಲಸ. ಬಕೆಟ್ಟು ಬೋರಲು ಹಾಕಿಕೊಂಡು ಇಬ್ಬರೂ ಕುದುರೆಯ ಬಾಲವನ್ನೇ ನೋಡುತ್ತ ಕೂತೆವು. ಮಧ್ಯಾಹ್ನ ಅವಳು ದೊಡ್ಡದಾಗಿ ಗಾಳಿ ಬಿಟ್ಟಾಗ ಅತ್ತೆ "ಶಭಾಷ್ ಮಗಳೇ" ಎಂದರು. ನಾನು ನಕ್ಕೂ ನಕ್ಕೂ ಬಕೆಟ್ಟಿನಿಂದ ಜಾರಿದೆ.

ಸಂಜೆ, ಬಿಸಿಲು ಇನ್ನೂ ಇರುವಾಗಲೇ, ಬಾಲ ಎದ್ದಿತು. ಎಣ್ಣೆ ಮೆತ್ತಿದ ಲದ್ದಿ ದಬದಬ ಬಿತ್ತು. ದೊರೆಸಾನಿ ಮೈ ಕೊಡವಿ, ಏನೂ ಆಗಿಲ್ಲವೆಂಬಂತೆ ತಿನ್ನಲು ಏನಾದರೂ ಇದೆಯೇ ಎಂದು ಅತ್ತೆಯ ಸೆರಗಿಗೆ ಮೂತಿ ತೂರಿಸಿದಳು.

ಅತ್ತೆ ಗಳಗಳ ಅತ್ತುಬಿಟ್ಟರು. ನಾನು ಕೈಕಾಲು ತೊಳೆಯದಿದ್ದರೆ ಮನೆಯೊಳಗೇ ಬಿಟ್ಟುಕೊಳ್ಳದ ಹೆಂಗಸು, ಲದ್ದಿ, ಎಣ್ಣೆ, ಬೆವರು ಮೆತ್ತಿಕೊಂಡಿದ್ದ ನನ್ನನ್ನು ಬಾಚಿ ತಬ್ಬಿಕೊಂಡರು. ಮದುವೆಯ ದಿನವೂ ಅಷ್ಟು ಬಿಗಿಯಾಗಿ ತಬ್ಬಿರಲಿಲ್ಲ. ನಾನೂ ಬಿಡಲಿಲ್ಲ.